ಸಾಲಿ ಅರಿವಿ: ಪಾಲಕರ ಪ್ರಶ್ನೆ, ನಮ್ಮ ಉತ್ತರ

ಶಾಲೆ ಶುರುವಾಗುವ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಸಮವಸ್ತ್ರದ ಬಗ್ಗೆಯೇ ಇದ್ದವು. ಬಟ್ಟೆ, ಹೊಲಿಗೆ, ಒಗೆತದ ಪ್ರಶ್ನೆಗಳಿಗೆ ಹೊಲಿಗೆ ಕಲಿಸುವವರು, ನಿಯಮದ ಪ್ರಶ್ನೆಗಳಿಗೆ ಶಾಲಾ ಆಡಳಿತ ಬಲ್ಲವರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

ನಮ್ಮ ಹುಡುಗ ಮೂರನೇತ್ತಾ. ಜೂನ್‌ದಾಗ ಹೊಲಿಸಿದ ಪ್ಯಾಂಟು ಸಂಕ್ರಾಂತಿ ಹೊತ್ತಿಗೆ ಹಿಮ್ಮಡ ಬಿಟ್ಟು ಮ್ಯಾಲ ಏರಿರತದ. ಅದಕ್ಕಂತ ಈ ಸಲ ಒಂದು ಸೈಜು ದೊಡ್ಡದು ರೆಡಿಮೇಡ್ ತಂದ್ವಿ. ಹೆಗಲು ಜೋತು ಬಿದ್ದು, ಕೊರಳು ಜಾರಿ, ಹುಡುಗ ಹಾಕ್ಕೊಳ್ಳಾಕ ಒಲ್ಲೆ ಅಂತಾನ. ಎರಡು ವರ್ಷ ಬಾಳಿಕಿ ಬರೂ ಹಂಗ ಹೊಲಿಸೂದು ಹೆಂಗ್ರಿ?
ಸಿಂಧನೂರು

ಆರರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಎತ್ತರವಾಗುತ್ತಾರೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಾಲಿನ ಪಾಲು. ಆ ಲೆಕ್ಕಕ್ಕೆ ಪ್ಯಾಂಟು ವರ್ಷಕ್ಕೆ ಒಂದೂಕಾಲು ಇಂಚಿನಷ್ಟು ಗಿಡ್ಡವಾಗಬೇಕು. ಜೂನ್‌ನಿಂದ ಜನವರಿಗೆ ಒಂದು ಇಂಚೂ ಆಗಲಾರದು. ಹಿಮ್ಮಡ ಬಿಟ್ಟು ಮೇಲೇರಿದೆ ಅಂದರೆ ಉಳಿದದ್ದು ಬಟ್ಟೆ ಕುಗ್ಗಿದ್ದು. ಹತ್ತಿಯ ಪಾಲು ಹೆಚ್ಚಿರುವ ಬಟ್ಟೆ ಮೊದಲ ಒಗೆತಗಳಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 30 ಇಂಚಿನ ಪ್ಯಾಂಟಿಗೆ ಅದು ಒಂದರಿಂದ ಒಂದೂವರೆ ಇಂಚು! ಹುಡುಗ ಬೆಳೆದ ಅಂತ ಖುಷಿಪಡುವ ಮೊದಲು ಬಟ್ಟೆಯನ್ನೊಮ್ಮೆ ಅಳೆದು ನೋಡಿ.

ಆದ್ದರಿಂದ ಮೊದಲ ಕೆಲಸ, ಕತ್ತರಿ ಹಾಕುವ ಮುಂಚೆ ಬಟ್ಟೆ ನೆನೆಸುವುದು. ಇಡೀ ತುಂಡನ್ನು ಮಡಿಕೆ ಬಿಚ್ಚಿ ಬಕೆಟ್ ನೀರಿನಲ್ಲಿ ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಹಿಂಡದೆ ಎತ್ತಿ, ನೆರಳಿನಲ್ಲಿ ಹಗ್ಗದ ಮೇಲೆ ನೇರವಾಗಿ ಹರಡಿ, ತುಸು ಹಸಿ ಇರುವಾಗಲೇ ಇಸ್ತ್ರಿ ಮಾಡಿ ದರ್ಜಿಗೆ ಕೊಡಿ. ಕಾಲರ್ ಒಳಗೆ ಹಾಕುವ ಬಕ್ರಮ್ಮನ್ನೂ ನೆನೆಸಲು ಹೇಳಿ. ಅಂಗಿ ಕುಗ್ಗದೆ ಬಕ್ರಮ್ ಮಾತ್ರ ಕುಗ್ಗಿದರೆ ಕಾಲರ್ ಮೇಲೆ ಗುಳ್ಳೆ ಏಳುತ್ತವೆ. ಎಷ್ಟು ಇಸ್ತ್ರಿ ತಿಕ್ಕಿದರೂ ಅವು ಹೋಗುವುದಿಲ್ಲ.

ಇನ್ನು ಅಳತೆ. ಮಕ್ಕಳ ಉದ್ದ ಓಡುವಷ್ಟು ವೇಗದಲ್ಲಿ ಅಗಲ ಓಡುವುದಿಲ್ಲ. ಎದೆಯ ಸುತ್ತು ವರ್ಷಕ್ಕೆ ಒಂದು ಇಂಚಿನ ಆಸುಪಾಸು ಹೆಚ್ಚುತ್ತದೆ, ಅಷ್ಟೇ. ಒಂದು ಸೈಜು ದೊಡ್ಡದು ತಂದಾಗ ಬೇಕಾದ ಉದ್ದದ ಜೊತೆ ಬೇಡದ ಹೆಗಲು, ಕೊರಳು, ಕಂಕುಳೂ ದೊಡ್ಡವಾಗಿ ಬರುತ್ತವೆ. ಹೊಲಿದ ಮೇಲೆ ಸರಿಮಾಡಲು ಆಗದ ಜಾಗ ಹೆಗಲು ಒಂದೇ. ಅದನ್ನು ಈಗಿನ ಅಳತೆಗೆ ಅರ್ಧ ಇಂಚು ಮಾತ್ರ ಸೇರಿಸಿ ಹೊಲಿಸಿ. ಕೊರಳಿನ ಗುಂಡಿ ಹಾಕಿದಾಗ ಎರಡು ಬೆರಳು ಸಲೀಸಾಗಿ ಹೋಗಬೇಕು. ಎದೆಗೆ ನಾಲ್ಕು ಇಂಚು ಸಡಿಲ ಸಾಕು. ಉಳಿದ ಬೆಳವಣಿಗೆಯೆಲ್ಲ ಒಳಮಡಿಕೆಯಲ್ಲಿ ಅಡಗಿರಲಿ: ಅಂಗಿಯ ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು, ಅರ್ಧ ತೋಳಿನ ಅಂಚಿಗೆ ಒಂದೂವರೆ ಇಂಚು, ಪ್ಯಾಂಟಿನ ಕೆಳಮಡಿಕೆಗೆ ಮೂರು ಇಂಚು, ಪ್ಯಾಂಟಿನ ಹಿಂಭಾಗದ ನಡುಹೊಲಿಗೆಗೆ ಸೊಂಟದ ಹತ್ತಿರ ಒಂದೂವರೆ ಇಂಚು. ಪಟ್ಟಿಯಲ್ಲಿ ಬೆನ್ನಿನ ಕಡೆ ಎಲಾಸ್ಟಿಕ್ ಇದ್ದರೆ ಒಳ್ಳೆಯದು. ಎಲಾಸ್ಟಿಕ್ಕಿಗೇ ಕಾಜಾ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಸೊಂಟ ದಪ್ಪವಾದಂತೆ ಗುಂಡಿ ಹಾಕುವ ಕಾಜಾ ಬದಲಿಸುತ್ತಾ ಹೋಗಬಹುದು.

ಇಷ್ಟೆಲ್ಲ ಹೇಳಿದರೂ ಕೆಲಸ ಕೆಡುವುದು ಓವರ್‌ಲಾಕ್ ಮಷಿನ್ನಿನಲ್ಲಿ. ಅದರ ಸೂಜಿಯ ಪಕ್ಕದಲ್ಲೇ ಒಂದು ಚಾಕು ಇರುತ್ತದೆ. ಅಂಚು ಹೊಲಿಯುತ್ತಲೇ ಹೆಚ್ಚಿನ ಬಟ್ಟೆ ಕತ್ತರಿಸುತ್ತಾ ಹೋಗುತ್ತದೆ. ಎರಡು ಪದರ ಕೂಡಿಸಿ ಓವರ್‌ಲಾಕ್ ಮಾಡಿದರೆ ನೀವು ಬಿಡಿಸಿದ್ದ ಒಂದು ಇಂಚು ಕಾಲಿಂಚಾಗಿ, ಮಿಕ್ಕಿದ್ದು ನೆಲದ ಮೇಲೆ ಬಿದ್ದಿರುತ್ತದೆ. 'ಎರಡೂ ಅಂಚನ್ನು ಬೇರೆ ಬೇರೆ ಓವರ್‌ಲಾಕ್ ಮಾಡಿ, ಆಮೇಲೆ ಕೂಡಿಸಿ ಹೊಲಿಯಿರಿ' ಎಂದು ಬಟ್ಟೆ ಕೊಡುವಾಗಲೇ ಹೇಳಬೇಕು. ತರುವಾಗ ಅಂಗಿಯನ್ನು ಒಳಮಗ್ಗುಲು ತಿರುವಿ ನೋಡಿ: ಹೊಲಿಗೆಯ ಆಚೆಈಚೆ ಎರಡು ರೆಕ್ಕೆಯಂತೆ ಬಟ್ಟೆ ಬಿಡಿಸಿಕೊಂಡರೆ ಸರಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಪಳಗಿದವರ ಕೈಗೆ ಕೊಟ್ಟರೆ ಇನ್ನೊಂದು ಮಾತು ಸೇರಿಸಿ. ಅವರ ಕೈ ತಾನಾಗಿ ಒಂದಂಚನ್ನು ಇನ್ನೊಂದರೊಳಗೆ ಮಡಚಿ ಮೇಲಿಂದ ಎರಡು ಸಾಲು ಹೊಲಿಗೆ ಹಾಕುತ್ತದೆ. ಗಟ್ಟಿ ನಿಜ, ಆದರೆ ಆ ಹೊಲಿಗೆ ಬಿಚ್ಚಿದರೆ ಸೂಜಿ ತೂತಿನ ಸಾಲು ಎದ್ದು ಕಾಣುತ್ತದೆ. ಸಮವಸ್ತ್ರದ ಪಕ್ಕದ ಹೊಲಿಗೆಗೆ ಅದು ಬೇಡ.

ಪ್ಯಾಂಟಿನ ಕೆಳಮಡಿಕೆ ಕೈಹೊಲಿಗೆಯದಾಗಿರಲಿ. ಮಷಿನ್ ಹೊಲಿಗೆಯಾದರೆ ಬಿಚ್ಚಿದಾಗ ಗೆರೆ ಉಳಿಯುತ್ತದೆ. ಮಡಿಕೆಯ ಗೆರೆ ಹೋಗಿಸಲು ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ, ಬಟ್ಟೆಯ ತುಂಡಿನಿಂದ ಗೆರೆಯ ಮೇಲೆ ಒತ್ತಿ, ಮೇಲೊಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಮೊದಲು ಒಳಗಿನ ಅಂಚಿನಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ನೆಲಕ್ಕೆ ಉಜ್ಜಿ ಸವೆದ ಗೆರೆ ಮಾತ್ರ ಹೋಗುವುದಿಲ್ಲ.

ಹತ್ತು ವರ್ಷ ದಾಟಿದವರಿಗೆ ಈ ಲೆಕ್ಕ ನಡೆಯದು. ಹೆಣ್ಣುಮಕ್ಕಳು ಹತ್ತು–ಹನ್ನೆರಡರಲ್ಲಿ, ಗಂಡುಮಕ್ಕಳು ಹನ್ನೆರಡು–ಹದಿನಾಲ್ಕರಲ್ಲಿ ಒಮ್ಮೆಲೇ ಎತ್ತರಕ್ಕೆ ಜಿಗಿಯುತ್ತಾರೆ. ಅವರಿಗೆ ಜೂನ್‌ನಲ್ಲೇ ಎಲ್ಲ ಜೊತೆ ಹೊಲಿಸಬೇಡಿ. ಒಂದು ಜೊತೆ ಈಗ, ಇನ್ನೊಂದು ದೀಪಾವಳಿ ಆದ ಮೇಲೆ. ಬಟ್ಟೆ ಮಾತ್ರ ಎರಡಕ್ಕೂ ಈಗಲೇ ಒಂದೇ ಥಾನಿನಿಂದ ಕತ್ತರಿಸಿ ತಂದಿಡಿ. ಆರು ತಿಂಗಳ ಮೇಲೆ ಅದೇ ಬಣ್ಣ ಸಿಗುತ್ತದೆಂಬ ಖಾತ್ರಿ ಇಲ್ಲ.

ಇಬ್ಬರು ಹೆಣ್ಣುಮಕ್ಕಳಿಗೆ ನೆರಿಗೆ ಲಂಗ ಹೊಲಿಸಬೇಕು. ಅಂಗಡಿಯವರು ಒಂದು ಲೆಕ್ಕ, ಟೇಲರ್ ಇನ್ನೊಂದು ಲೆಕ್ಕ ಹೇಳುತ್ತಾರೆ. ನಿಜವಾಗಿ ಎಷ್ಟು ಬಟ್ಟೆ ಬೇಕು?
ಕಂಪ್ಲಿ

ಸುತ್ತಲೂ ಪೂರ್ತಿ ನೆರಿಗೆ ಇರುವ ಲಂಗಕ್ಕೆ ಸೊಂಟದ ಮೂರು ಪಟ್ಟು ಅಗಲ ಬೇಕು. ಸೊಂಟ 24 ಇಂಚಾದರೆ 72 ಇಂಚು. ಲಂಗದ ಉದ್ದ 16 ಇಂಚು, ಕೆಳಮಡಿಕೆ 3, ಮೇಲೆ ಪಟ್ಟಿಗೆ ಸೇರಿಸಲು 1, ಒಟ್ಟು 20 ಇಂಚು. 58 ಇಂಚು ಪನ್ನಾದ (ಅಗಲದ) ಬಟ್ಟೆಯಲ್ಲಿ ಒಂದು ಅಗಲ ಸಾಲುವುದಿಲ್ಲ, ಎರಡು ಅಗಲ ಕತ್ತರಿಸಿದರೆ ತುಂಬಾ ಉಳಿಯುತ್ತದೆ. ಒಂದೇ ಲಂಗಕ್ಕೆ 40 ಇಂಚು ಉದ್ದ, ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು ಬಟ್ಟೆ ಹೋಗುತ್ತದೆ. ಅದೇ ಅಳತೆಯ ಎರಡು ಲಂಗ ಒಟ್ಟಿಗೆ ಕತ್ತರಿಸಿದರೆ 20 ಇಂಚಿನ ಮೂರು ತುಂಡಿನಲ್ಲಿ ಎರಡೂ ಆಗುತ್ತವೆ: ಮೂರು ತುಂಡಿನ ಅಗಲ 174 ಇಂಚು, ಬೇಕಾದದ್ದು 144. ಜೋಡಣೆಗೆ ಹೋಗಿ ಉಳಿದದ್ದರಲ್ಲಿ ಎರಡು ಪಟ್ಟಿಯೂ ಬರುತ್ತವೆ. ಬೇರೆ ಬೇರೆ ತಂದರೆ 2.1 ಮೀಟರು, ಒಟ್ಟಿಗೆ ತಂದರೆ 1.6 ಮೀಟರು ಸಾಕು. ಒಬ್ಬಳದು ದೊಡ್ಡ ಅಳತೆಯಾದರೆ ಉದ್ದನೆಯ ಲಂಗದ ಅಳತೆ ಹಿಡಿದು ಲೆಕ್ಕ ಹಾಕಿ. ಚಿಕ್ಕವಳ ಲಂಗದಲ್ಲಿ ಉಳಿದದ್ದು ಕೆಳಮಡಿಕೆಗೆ ಸೇರಲಿ. ಚೌಕುಳಿ ಬಟ್ಟೆಗೆ ಗೆರೆ ಹೊಂದಿಸಲು ಕಾಲು ಮೀಟರು ಹೆಚ್ಚು ಬೇಕಾಗುತ್ತದೆ.

ಟೇಲರ್ ಬಟ್ಟೆ ಉಳಿಸಲು ನೆರಿಗೆ ಎರಡು ಪಟ್ಟಿಗೆ ಇಳಿಸಿದರೆ, ನಡೆಯುವಾಗ ನೆರಿಗೆ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಕೂತರೆ ತೊಡೆಯ ಮೇಲೆ ಎಳೆಯುತ್ತದೆ. ಉಳಿಸಲೇಬೇಕಾದರೆ ನೆರಿಗೆ ಕಡಿಮೆ ಮಾಡುವ ಬದಲು ಮುಂದೆ ಎರಡು, ಹಿಂದೆ ಎರಡು ದೊಡ್ಡ ಬಾಕ್ಸ್ ನೆರಿಗೆ ಹಾಕಿಸಿ. ಸೊಂಟದಿಂದ ಮೂರು ಇಂಚು ಕೆಳಗಿನವರೆಗೆ ನೆರಿಗೆಯ ಮೇಲೆ ಹೊಲಿಗೆ ಬಿದ್ದಿರಲಿ, ಇಸ್ತ್ರಿ ನಿಲ್ಲುತ್ತದೆ. ಬಲಗಡೆ ಒಂದು ಜೇಬು ಇಡಲು ಮರೆಯಬೇಡಿ. ಹುಡುಗರ ಪ್ಯಾಂಟಿಗೆ ಕೇಳದೆಯೇ ಎರಡು ಜೇಬು ಬರುತ್ತವೆ, ಹುಡುಗಿಯರ ಲಂಗಕ್ಕೆ ಕೇಳಿದರೂ ಬರುವುದಿಲ್ಲ.

ಎಲ್ಲಾ ಮಕ್ಕಳು ಒಂದೇ ಅನ್ನೂದಕ್ಕ ಯೂನಿಫಾರ್ಮು ಅಂತಾರ. ಆದ್ರ ನಮ್ಮ ಹುಡುಗಿ, 'ನಂದು ಒಂದೇ ಜೊತಿ ಐತಿ, ಎಲ್ಲಾರಿಗೂ ಗೊತ್ತಾಗತೈತಿ' ಅಂತ ಅಳ್ತಾಳ. ಇದರಿಂದ ಖರೇನ ಏನರ ಉಪಯೋಗ ಐತೇನ್ರಿ?
ಗಂಗಾವತಿ

ಉಪಯೋಗ ಇದೆ, ಒಂದು ಷರತ್ತಿನ ಮೇಲೆ. ದಿನಾ ಬೆಳಿಗ್ಗೆ ಯಾವ ಅಂಗಿ ಅಂತ ಜಗಳ ಇಲ್ಲ. ಹಬ್ಬದ ಬಟ್ಟೆ ಶಾಲೆಗೆ ಹಾಕಿ ಹಾಳುಮಾಡುವುದಿಲ್ಲ. ಜಾತ್ರೆಯಲ್ಲಿ, ಪ್ರವಾಸದಲ್ಲಿ ಮಗು ತಪ್ಪಿಸಿಕೊಂಡರೆ ಯಾವ ಶಾಲೆಯದೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಮಕ್ಕಳ ಕಣ್ಣು ಚುರುಕು. ಬಣ್ಣ ಒಂದೇ ಆದ ಮೇಲೆ ಅವರು ನೋಡುವುದು ಕಾಲರ್ ಎಷ್ಟು ಸವೆದಿದೆ, ಕಾಲುಚೀಲ ಜಾರುತ್ತದೋ ಇಲ್ಲವೋ, ಬುಧವಾರದ ಮಸಿ ಕಲೆ ಗುರುವಾರವೂ ಇದೆಯೋ ಎಂಬುದನ್ನು. ಒಂದೇ ಜೊತೆ ಇರುವ ಮಗು ರಾತ್ರಿ ಒಗೆದದ್ದನ್ನು ಬೆಳಿಗ್ಗೆ ಹಸಿಯಾಗಿಯೇ ತೊಡುತ್ತದೆ, ಮಳೆಗಾಲದಲ್ಲಿ ಶಾಲೆ ತಪ್ಪಿಸುತ್ತದೆ. ಎರಡು ಜೊತೆ ಎಲ್ಲರ ಬಳಿ ಇರಬೇಕು, ಇದೇ ಆ ಷರತ್ತು.

ನಿಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಬೇಕೆಂದು 2019ರಲ್ಲಿ ಕರ್ನಾಟಕ ಹೈಕೋರ್ಟು ಸರ್ಕಾರಕ್ಕೆ ಸೂಚಿಸಿದ್ದು ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಪರವಾಗಿ ಹೋದ ಅರ್ಜಿಯಿಂದಲೇ. ಆದ್ದರಿಂದ ಕೇಳಲು ಹಿಂಜರಿಯಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೂರು ಪ್ರಶ್ನೆ ಎತ್ತಿ: ಮೊದಲ ಜೊತೆ ಎಷ್ಟು ಮಕ್ಕಳಿಗೆ ಬಂತು, ಎರಡನೆಯದರ ಅನುದಾನ ಖಾತೆಗೆ ಯಾವಾಗ ಜಮಾ ಆಯಿತು, ಖರೀದಿ ಯಾವಾಗ. ಉತ್ತರಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಬಾಯಿಮಾತಿನಲ್ಲಿ ಕೇಳಿದ್ದು ಬಾಯಲ್ಲೇ ಉಳಿಯುತ್ತದೆ.

ಊರವರೇ ಮಾಡಬಹುದಾದ್ದೂ ಒಂದಿದೆ. ಏಪ್ರಿಲ್‌ನಲ್ಲಿ ಮೇಲಿನ ತರಗತಿಯವರು ಬಿಟ್ಟ ಬಟ್ಟೆ ಕೂಡಿಸಿ, ಬಿಸಿನೀರಿನಲ್ಲಿ ಒಗೆದು, ಗುಂಡಿ, ಜಿಪ್ ಸರಿಮಾಡಿ ಶಾಲೆಯ ಬೀರುವಿನಲ್ಲಿಡುವುದು. ತರಗತಿ ಪ್ರಕಾರ ಜೋಡಿಸಿದರೆ ಉಪಯೋಗವಿಲ್ಲ; ಒಂದೇ ತರಗತಿಯಲ್ಲಿ ನಾಲ್ಕು ಅಳತೆಯ ಮಕ್ಕಳಿರುತ್ತಾರೆ. ಅಂಗಿಗೆ ಹೆಗಲಿನ ಇಂಚು, ಪ್ಯಾಂಟಿಗೆ ಉದ್ದದ ಇಂಚು ಚೀಟಿಯಲ್ಲಿ ಬರೆದು ಪಿನ್ ಮಾಡಿ. ಕೊಡುವಾಗ ತರಗತಿಯ ಮುಂದೆ ಹೆಸರು ಕೂಗಿ ಕೊಡಬೇಡಿ. ತಾಯಿ ಬಂದು ತಾನೇ ಆರಿಸಿಕೊಂಡು ಹೋಗುವಂತಿರಲಿ.

ಅಲ್ಲಿಯವರೆಗೆ ಒಂದೇ ಜೊತೆ ರಾತ್ರಿಯಲ್ಲಿ ಒಣಗಿಸಬೇಕಾದರೆ: ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಮೊಣಕಾಲಿನಿಂದ ಒತ್ತಿ. ಅರ್ಧ ನೀರು ಟವೆಲ್‌ಗೆ ಹೋಗುತ್ತದೆ. ಆಮೇಲೆ ಜೇಬು, ಸೊಂಟಪಟ್ಟಿ ಹೊರಮಗ್ಗುಲಾಗಿ ಬರುವಂತೆ ತಿರುವಿ ಫ್ಯಾನಿನ ಕೆಳಗೆ ಹಾಕಿ. ಎಲ್ಲಕ್ಕಿಂತ ತಡವಾಗಿ ಒಣಗುವುದು ಅವೇ.

ಸಂಡೂರು ರಸ್ತೆಯ ಕೆಂಪು ಧೂಳಿಗೆ ಶನಿವಾರದ ಬಿಳಿ ಸಮವಸ್ತ್ರ ಒಂದೇ ದಿನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದರೆ ಇನ್ನಷ್ಟು ಹಳದಿಯಾಯಿತು. ಏನು ಮಾಡಬೇಕು?
ಸಂಡೂರು

ಆ ಕೆಂಪು ಕಬ್ಬಿಣದ ಅದಿರಿನದು. ಎಣ್ಣೆ, ಬೆವರು ಸೋಪಿಗೆ ಬಿಡುವ ಹಾಗೆ ಅದು ಬಿಡುವುದಿಲ್ಲ. ಸಣ್ಣ ಕಣಗಳಾಗಿ ನೂಲಿನ ಸಂದಿಯಲ್ಲಿ ಕೂತಿರುತ್ತದೆ. ಬ್ಲೀಚು ಕಬ್ಬಿಣದ ಕಲೆಯನ್ನು ತೆಗೆಯುವುದಿಲ್ಲ, ಬದಲಿಗೆ ಗಟ್ಟಿಯಾಗಿ ಕೂರಿಸುತ್ತದೆ. ಮೇಲಾಗಿ ಹೊಸ ಬಿಳಿ ಬಟ್ಟೆಗೆ ಮಿಲ್ಲಿನಲ್ಲಿ ಹಾಕಿರುವ ಹೊಳಪಿನ ರಾಸಾಯನಿಕವನ್ನೂ ತಿಂದುಹಾಕುತ್ತದೆ. ನಿಮ್ಮ ಹಳದಿಗೆ ಎರಡೂ ಕಾರಣ.

ಎಲ್ಲರೂ ಮಾಡುವ ತಪ್ಪು ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಕೆಟ್‌ಗೆ ಹಾಕುವುದು. ನೀರು ಬಿದ್ದರೆ ಧೂಳು ಕೆಸರಾಗಿ ಒಳಗಿಳಿಯುತ್ತದೆ. ಒಣಗಿದ್ದಾಗಲೇ ಅಂಗಳದಲ್ಲಿ ಜೋರಾಗಿ ಕೊಡವಿ, ಕಾಲರ್, ತೋಳಿನ ಅಂಚು, ಜೇಬಿನ ಬಾಯಿಯನ್ನು ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ತೀಡಿ. ಜೇಬು ಹೊರಗೆ ತಿರುವಿ ಕೊಡವಿ. ಅರ್ಧಕ್ಕಿಂತ ಹೆಚ್ಚು ಧೂಳು ಇಲ್ಲೇ ಉದುರುತ್ತದೆ.

ಆಮೇಲೆ ನೀರು. ಬೋರಿನ ನೀರು ಬಹಳ ಕಡೆ ಗಡಸು. ಗಡಸು ನೀರಿಗೆ ಸೋಪಿನ ಬಿಲ್ಲೆ ಉಜ್ಜಿದರೆ ನೊರೆಯ ಬದಲು ಬಿಳಿ ಜಿಡ್ಡು ಹುಟ್ಟಿ ಬಟ್ಟೆಗೆ ಅಂಟುತ್ತದೆ, ಮರುದಿನದ ಧೂಳಿಗೆ ಅದೇ ಗೋಂದು. 15 ಲೀಟರ್ ಬಕೆಟ್‌ಗೆ ಮೊದಲು ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಕರಗಿಸಿ ಹತ್ತು ನಿಮಿಷ ಬಿಡಿ, ಬಳಿಕ ಡಿಟರ್ಜೆಂಟ್ ಪುಡಿ. ಬಟ್ಟೆ ನೆನೆಯುವುದು ಇಪ್ಪತ್ತು ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಬಿಟ್ಟ ಕೊಳೆ ತಿರುಗಿ ಬಟ್ಟೆಯ ಮೇಲೇ ಕೂರುತ್ತದೆ. ತುಂಬಿಟ್ಟ ನೀರು ಮರುದಿನ ಕೆಂಪಾಗುವ ಬೋರಾದರೆ ಆ ನೀರಲ್ಲೇ ಕಬ್ಬಿಣ ಇದೆ. ಹಿಂದಿನ ದಿನ ಹಿಡಿದಿಟ್ಟು, ತಳ ಕಲಕದಂತೆ ಮೇಲಿನದನ್ನಷ್ಟೇ ಬಳಸಿ.

ಒಗೆದ ಮೇಲೂ ಉಳಿದ ಕಲೆಗೆ ಹುಳಿ ಬೇಕು. ಕಲೆ ಚಿಕ್ಕದಾದರೆ ನಿಂಬೆರಸ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಸಿಲಿಗಿಡಿ. ಇಡೀ ಅಂಗಿ ಕೆಂಪಾಗಿದ್ದರೆ ಕಿರಾಣಿ ಅಂಗಡಿಯ ಲಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಕರಗಿಸಿ ಮುಕ್ಕಾಲು ಗಂಟೆ ನೆನೆಸಿ, ಎರಡು ಸಲ ಜಾಲಿಸಿ. ಹಳೆಯ ಕಲೆಗೆ ಎರಡು ಮೂರು ವಾರ ಹೀಗೆ ಮಾಡಬೇಕಾದೀತು. ಈ ಹುಳಿನೀರಿಗೆ ಬ್ಲೀಚಿಂಗ್ ಪುಡಿ ಎಂದೂ ಬೆರೆಸಬೇಡಿ: ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಒಣಹಾಕುವ ತಂತಿ ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಬದಲಿಸಿ. ಹೆಗಲ ಮೇಲಿನ ಕಂದು ಗೆರೆಗೆ ಧೂಳನ್ನು ದೂರಿ ಫಲವಿಲ್ಲ.

ಮಕ್ಕಳ ಖಾಸಗಿ ಶಾಲೆಯವರು ಕಳೆದ ವರ್ಷವಷ್ಟೇ ಸಮವಸ್ತ್ರ ಬದಲಿಸಿದ್ದರು. ಈ ವರ್ಷ ಮತ್ತೆ ಹೊಸ ಬಣ್ಣ, ಅದೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಕಂತೆ. ಹಳೆಯದು ಹಾಕಿದ ಮಗನನ್ನು ಹೊರಗೆ ನಿಲ್ಲಿಸಿದ್ದರು. ನಮಗೇನಾದರೂ ಹಕ್ಕಿದೆಯೇ?
ಬಳ್ಳಾರಿ

ಇದೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಮಾಡಿದ ನಿಯಮಗಳ 11ನೇ ನಿಯಮ ನೋಡಿ. ಶಾಲೆ ತನ್ನದೇ ಸಮವಸ್ತ್ರ ಗೊತ್ತುಮಾಡಬಹುದು. ಆದರೆ ಒಮ್ಮೆ ಗೊತ್ತುಮಾಡಿದ್ದನ್ನು ಮುಂದಿನ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಕನಿಷ್ಠ ಒಂದು ವರ್ಷ ಮುಂಚೆ ಪಾಲಕರಿಗೆ ನೋಟಿಸು ಕೊಡಬೇಕು. ನಿಮ್ಮ ಶಾಲೆ ಐದು ವರ್ಷದ ಮಾತನ್ನು ಮೀರಿದೆ, ವರ್ಷ ಮುಂಚೆ ನೋಟಿಸು ಕೊಟ್ಟಿಲ್ಲದಿದ್ದರೆ ಎರಡನ್ನೂ ಮೀರಿದೆ. ಸಿಬಿಎಸ್‌ಇ ಶಾಲೆಯಾದರೆ, ಪುಸ್ತಕ, ಸಮವಸ್ತ್ರದ ವ್ಯಾಪಾರ ಮಾಡಬಾರದು, ಗೊತ್ತಾದ ಅಂಗಡಿಯಲ್ಲೇ ಕೊಳ್ಳಲು ಒತ್ತಾಯಿಸಬಾರದು ಎಂದು ಮಂಡಳಿ 2017ರಲ್ಲಿ ಶಾಲೆಗಳಿಗೆ ತಿಳಿಸಿದೆ.

ಜಗಳಕ್ಕೆ ಹೋಗಬೇಡಿ, ಕಾಗದ ಮಾಡಿ. ಎರಡು ವರ್ಷದ ರಸೀದಿ, ಡೈರಿಯಲ್ಲಿ ಅಂಟಿಸಿದ ಸೂಚನೆ, ವಾಟ್ಸಾಪ್ ಸಂದೇಶ ಎಲ್ಲ ತೆಗೆದಿಡಿ. ಮುಖ್ಯಗುರುಗಳಿಗೆ ಪತ್ರ ಬರೆದು ಎರಡೇ ಸಂಗತಿ ಕೇಳಿ: ಹಿಂದಿನ ಬದಲಾವಣೆಯ ದಿನಾಂಕ, ಈ ಬದಲಾವಣೆಗೆ ಕೊಟ್ಟ ನೋಟಿಸಿನ ದಿನಾಂಕ. ಇನ್ನೊಂದು ಪ್ರತಿಗೆ ಸ್ವೀಕೃತಿಯ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಐದಾರು ಪಾಲಕರ ಸಹಿ ಇದ್ದರೆ ಯಾವ ಒಂದು ಮಗುವಿನ ಮೇಲೂ ಕಣ್ಣು ಬೀಳುವುದಿಲ್ಲ. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲೂ ಆಗದಿದ್ದರೆ ಕಲಬುರಗಿಯ ಅಪರ ಆಯುಕ್ತರ ಕಚೇರಿಗೆ. ಅನೇಕ ಸಲ ಮೊದಲ ಪತ್ರಕ್ಕೇ ಶಾಲೆ 'ಹಳೆಯದೂ ನಡೆಯುತ್ತದೆ' ಎಂಬ ದಾರಿಗೆ ಬರುತ್ತದೆ. ಅದನ್ನೂ ಬರಹದಲ್ಲೇ ಪಡೆಯಿರಿ.

ಹೊರಗೆ ನಿಲ್ಲಿಸಿದ್ದು ಬೇರೆಯೇ ವಿಷಯ, ಇನ್ನೂ ಗಂಭೀರ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಬಣ್ಣ ತಪ್ಪಿದ್ದಕ್ಕೆ ಉತ್ತರ ಹೇಳಬೇಕಾದವರು ದೊಡ್ಡವರು. ಶಾಲೆ ಪಾಲಕರಿಗೆ ಚೀಟಿ ಕಳಿಸಲಿ, ಮಗು ತರಗತಿಯಲ್ಲಿ ಕೂರಲಿ. ಮತ್ತೆ ಹೀಗಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಲೋಗೊ ಇರುವುದರಿಂದ ಹೊರಗೆ ಸಿಗುವುದಿಲ್ಲ ಎನ್ನುವ ನೆಪಕ್ಕೆ ಸುಲಭದ ಉತ್ತರ: ಲೋಗೊ ಬಿಲ್ಲೆಯನ್ನಷ್ಟೇ ಶಾಲೆ ಮಾರಲಿ, ಬಟ್ಟೆಯ ಒಂದು ಚೂರು ಮಾದರಿಗೆ ಕೊಡಲಿ. ಆ ಚೂರು ಹಿಡಿದು ಅಂಗಡಿಗೆ ಹೋದಾಗ ಟ್ಯೂಬ್‌ಲೈಟಿನ ಕೆಳಗೆ ಹೋಲಿಸಿ ನಂಬಬೇಡಿ. ಬಾಗಿಲಾಚೆ ಬಿಸಿಲಿಗೆ ತಂದು ನೋಡಿ. ಒಳಗೆ ಒಂದೇ ಎನಿಸಿದ ಎರಡು ನೀಲಿ ಹೊರಗೆ ಬೇರೆಯಾಗುತ್ತವೆ, ಶಾಲೆಯ ಪ್ರಾರ್ಥನೆ ನಡೆಯುವುದೂ ಬಿಸಿಲಲ್ಲೇ.

ರಾಯಚೂರಿನ ಬಿಸಿಲಿಗೆ ಯಾವ ಬಟ್ಟೆ? ಅಂಗಡಿಯವರು ಎಲ್ಲಕ್ಕೂ 'ಕಾಟನ್ನೇ' ಅನ್ನುತ್ತಾರೆ.
ಮಾನ್ವಿ

ಮಾರ್ಚಿನಲ್ಲೇ ಸುಡಲು ಶುರುವಾಗಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಿಮ್ಮದು. ಅಂಗಿಗೆ ಹತ್ತಿ ಅರ್ಧಕ್ಕಿಂತ ಹೆಚ್ಚಿರಲಿ. ಪ್ಯಾಂಟು, ಲಂಗಕ್ಕೆ ಪಾಲಿಯೆಸ್ಟರ್–ವಿಸ್ಕೋಸ್ ಮಿಶ್ರಣ ನಡೆಯುತ್ತದೆ, ಬಾಳಿಕೆ ಬರುತ್ತದೆ, ಬಣ್ಣ ನಿಲ್ಲುತ್ತದೆ. ಪರೀಕ್ಷೆಗೆ ಅಂಚಿನಿಂದ ನಾಲ್ಕೈದು ಎಳೆ ಕಿತ್ತು ತಟ್ಟೆಯ ಮೇಲೆ ಸುಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಳಲ್ಲಿ ಒತ್ತಿದಾಗ ಬೂದಿಯೊಳಗೆ ಕಾಳು ಸಿಕ್ಕರೆ ಮಿಶ್ರಣ. ಟೆರಿಕಾಟ್ ಎಂದು ಬರುವ 67:33ರಲ್ಲಿ ಪಾಲಿಯೆಸ್ಟರೇ 67 ಎಂಬುದು ನೆನಪಿರಲಿ. ಶಾಲೆಯಿಂದ ಬಂದ ಬಟ್ಟೆಯಲ್ಲಿ ಆಯ್ಕೆ ಇರುವುದಿಲ್ಲ. ಆಗ ಒಳಗೊಂದು ತೆಳು ಹತ್ತಿ ಬನಿಯನ್ ಹಾಕಿಸಿ, ಬೆವರನ್ನು ಅದು ಹೀರುತ್ತದೆ.

ಟೈ ಬಗ್ಗೆ ನೀವು ಕೇಳಿಲ್ಲ, ನಾವೇ ಹೇಳುತ್ತೇವೆ: ಈ ಮೂರು ಜಿಲ್ಲೆಗಳಲ್ಲಿ ಅದಕ್ಕೆ ಕೆಲಸವಿಲ್ಲ. ಕೊರಳಿನ ಗುಂಡಿ ಬಿಚ್ಚಿದರೆ ಒಳಗೆ ಗಾಳಿಯಾಡುತ್ತದೆ. ಟೈ ಅದನ್ನೇ ಮುಚ್ಚುತ್ತದೆ. ಪಾಲಕರ ಸಭೆಯಲ್ಲಿ ಕೇಳಿ, ಕಡೇಪಕ್ಷ ಫೆಬ್ರವರಿ ಮುಗಿದ ಮೇಲೆ ಬಿಡಿಸಿ.

ಸೊಂಟದ ಸುತ್ತ ತುರಿಕೆ, ಉಂಗುರದಂಥ ಗಾದರಿ. ಎಲಾಸ್ಟಿಕ್ ಕಾರಣವೇ?
ಲಿಂಗಸುಗೂರು

ಬರೀ ಕೆಂಪು ಗೆರೆಯಾದರೆ ಎಲಾಸ್ಟಿಕ್ ಬಿಗಿ ಎಂದರ್ಥ. ಸಂಜೆ ಬಿಚ್ಚಿದಾಗ ಗುರುತು ಹತ್ತು ನಿಮಿಷದಲ್ಲಿ ಮಾಯವಾಗದಿದ್ದರೆ ಸಡಿಲಿಸಿ. ನೀವು ಹೇಳುವ, ಅಂಚು ಎದ್ದ, ನಡುವೆ ತಿಳಿಯಾದ ಉಂಗುರ ಹುಳುಕಡ್ಡಿ ಇರಬಹುದು. ಬೆವರು ನಿಂತ ಬಿಗಿ ಜಾಗದಲ್ಲಿ ಅದು ಹಬ್ಬುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಎರಡು ದಿನ ತುರಿಕೆ ನಿಂತು, ಆಮೇಲೆ ಇನ್ನೂ ಅಗಲಕ್ಕೆ ಹರಡುತ್ತದೆ. ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟೂ ದಿನ ಹಚ್ಚಿ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಒಳಉಡುಪು, ಟವೆಲ್ ಬೇರೆ ಬೇರೆ ಇರಲಿ, ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ.

ಸಣ್ಣ ಪ್ರಶ್ನೆಗಳು

ಬಾಲ್‌ಪೆನ್ ಮಸಿ ಜೇಬಿನಲ್ಲಿ ಸೋರಿದೆ. (ಸಿರುಗುಪ್ಪ) ನೀರು ತಾಗಿಸುವ ಮೊದಲು ಕಲೆಯ ಕೆಳಗೆ ದಪ್ಪ ಬಿಳಿ ಬಟ್ಟೆ ಇಟ್ಟು, ಹಿಂಬದಿಯಿಂದ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತೊಟ್ಟಿಕ್ಕಿಸಿ ಒತ್ತಿ. ಕೆಳಗಿನ ಬಟ್ಟೆಗೆ ಮಸಿ ಇಳಿದಂತೆ ಜಾಗ ಬದಲಿಸಿ. ಉಜ್ಜಿದರೆ ಹರಡುತ್ತದೆ. ಕೆಲವು ಜೆಲ್ ಪೆನ್ನಿನ ಮಸಿ ಇದಕ್ಕೂ ಬಗ್ಗುವುದಿಲ್ಲ.

ನೀಲಿ ಹಾಕಿದರೆ ಪಟ್ಟೆ ಪಟ್ಟೆ ಬೀಳುತ್ತದೆ. (ಕುಷ್ಟಗಿ) ಸೋಪು ಪೂರ್ತಿ ಹೋಗಿಲ್ಲ, ಅಥವಾ ಬಟ್ಟೆ ಇರುವ ಬಕೆಟ್‌ಗೆ ನೀಲಿ ಸುರಿದಿದ್ದೀರಿ. ಒಂದು ಮಗ್ ನೀರಿಗೆ ಹನಿ ಬೆರೆಸಿ, ಅದನ್ನು ಬಕೆಟ್ ನೀರಿಗೆ ಕಲಸಿ, ಒಂದೊಂದೇ ಅಂಗಿ ಬಿಡಿಸಿ ಅದ್ದಿ ತಕ್ಷಣ ಎತ್ತಿ. ಬಿದ್ದ ಪಟ್ಟೆಗೆ ಬಿಸಿ ಡಿಟರ್ಜೆಂಟ್ ನೀರಲ್ಲಿ ಒಂದು ಗಂಟೆ ನೆನೆಸಿ ಒಗೆಯಿರಿ.

ಹುಡುಗನ ಪ್ಯಾಂಟು ಕೂತಲ್ಲಿ ಎದ್ದಲ್ಲಿ ತೊಡೆಸಂದಿಯಲ್ಲಿ ಹರಿಯುತ್ತದೆ. (ಕೊಪ್ಪಳ) ಬಟ್ಟೆ ಹರಿದಿದೆಯೋ ಹೊಲಿಗೆ ಬಿಟ್ಟಿದೆಯೋ ನೋಡಿ. ಹೊಲಿಗೆ ಬಿಟ್ಟಿದ್ದರೆ ಪಾಲಿಯೆಸ್ಟರ್ ದಾರದಲ್ಲಿ, ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆಯಂತೆ, ಒಂದರ ಮೇಲೊಂದು ಎರಡು ಸಾಲು ಹಾಕಿಸಿ. ಬಟ್ಟೆಯೇ ಹರಿದಿದ್ದರೆ ಕತ್ತರಿಸುವಾಗ ಹಿಂಭಾಗದ ಸೀಟು ಗಿಡ್ಡವಾಗಿದೆ. ಅದೇ ಬಟ್ಟೆಯ ಮೂರು ಇಂಚು ಚೌಕದ ತುಂಡನ್ನು ಮೂಲೆ ಮೇಲಾಗಿ ಸಂದಿಯಲ್ಲಿ ಕೂಡಿಸಿದರೆ ಎಳೆತ ಹಂಚಿಹೋಗುತ್ತದೆ.

ಶೂ ಯಾವ ಅಳತೆ? (ದೇವದುರ್ಗ) ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಕಾಲು ತುಸು ಊದಿರುತ್ತದೆ. ಶಾಲೆಯ ಕಾಲುಚೀಲವನ್ನೇ ಹಾಕಿಸಿ, ನಿಲ್ಲಿಸಿ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಸಾಕು, ಎರಡು ಸೆಂ.ಮೀ. ಬಿಟ್ಟರೆ ಹಿಮ್ಮಡ ಜಾರಿ ಗುಳ್ಳೆ ಏಳುತ್ತದೆ. ಎರಡು ಕಾಲಿಗೂ ಹಾಕಿಸಿ ನೋಡಬೇಕು, ದೊಡ್ಡ ಕಾಲಿನ ಅಳತೆಯನ್ನೇ ತೆಗೆದುಕೊಳ್ಳಿ. ಕಾಲುಚೀಲ ಹತ್ತಿಯದಾಗಿರಲಿ.